ಬೇರೆ ಕೈಯ ರೊಟ್ಟಿ

೨೩ ಸೆಪ್ಟೆಂಬರ್ ೨೦೦೨, ಸೋಮವಾರ

ಆಸ್ಪತ್ರೆಯಲ್ಲಿ ದಿನವಿಡೀ ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಅಲ್ಲಿ "ನನಗೆ ಹೀಗನಿಸಿತು" ಎಂದು ಬರೆಯುವಂತಿಲ್ಲ. ಅನಿಸಿದ್ದನ್ನು ಇಡಲು ಒಂದು ಜಾಗ ಬೇಕಾಗಿದೆ. ಕಾನ್ವೆಂಟಿನಲ್ಲಿ ಓದಿದವಳ ಕನ್ನಡ ಇದು. ಓದುವವರು ಯಾರೂ ಇಲ್ಲವಾದ್ದರಿಂದ ನಾಚಿಕೆಯಿಲ್ಲ.

ಇವತ್ತು ನಮ್ಮ ರೋಗಿಗೆ ಮೊದಲ ಸುತ್ತಿನ ಔಷಧ ಕೊಟ್ಟೆವು. ಹೆಸರು ಮಲ್ಕಮ್ಮ, ಕಮಲಾಪುರದವರು, ಐವತ್ತು ದಾಟಿದವರು. ತೊಡೆಯ ಸ್ನಾಯುವಿನಲ್ಲಿ ಹುಟ್ಟಿದ ಗಂಟು, ಲಕ್ಷಕ್ಕೊಬ್ಬರಿಗೂ ಬರದಂಥದು. ಎರಡು ಸಲ ಕತ್ತರಿಸಿ ತೆಗೆದರೂ ಮರಳಿ ಬಂತು. ಈಗ ಶ್ವಾಸಕೋಶದಲ್ಲಿ ಚುಕ್ಕೆಗಳಾಗಿ ಕೂತಿದೆ. ಇದಕ್ಕೆ ಇಂಥದೇ ಮದ್ದು ಎಂದು ಯಾರ ಬಳಿಯೂ ಇಲ್ಲ. ರೋಗಿಗಳು ಕಡಿಮೆಯಿರುವ ಕಡೆ ಮದ್ದು ಹುಡುಕುವವರೂ ಕಡಿಮೆ. ಮುಂಬಯಿಯ ಕೆಲವು ಸಂಶೋಧಕರು ಬೇರೆ ಕ್ಯಾನ್ಸರುಗಳಿಗೆ ಬಳಸುವ ಎರಡು ಹಳೆಯ ಔಷಧಗಳನ್ನು ಜೋಡಿಸಿ ನೋಡುತ್ತಿದ್ದಾರೆ. ಒಂದು ಸಲೈನಿನಲ್ಲಿ ಹೋಗುತ್ತದೆ, ಇನ್ನೊಂದು ದಿನವೂ ನುಂಗುವ ಗುಳಿಗೆ. ಮುಂಬಯಿ, ಹೈದರಾಬಾದು ಬಿಟ್ಟರೆ ಮೂರನೆಯ ಕೇಂದ್ರ ಕಲಬುರಗಿಯ ನಾವು.

ಇದು ತೀರ ಮೊದಲ ಹಂತ. ಗುಣವಾಗುತ್ತದೆಯೇ ಎನ್ನುವುದಕ್ಕಿಂತ ಮುಂಚೆ, ಎಷ್ಟು ಕೊಟ್ಟರೆ ದೇಹ ತಾಳುತ್ತದೆ ಎಂದು ತಿಳಿಯಬೇಕು. ಮೆಟ್ಟಿಲು ಹತ್ತಿದ ಹಾಗೆ ಪ್ರಮಾಣ ಏರಿಸುತ್ತೇವೆ. ಒಂದು ಮೆಟ್ಟಿಲಿಗೆ ಆರು ಜನ. ಆ ಆರರಲ್ಲಿ ಒಬ್ಬರಿಗೆ ಗಂಭೀರ ಹಾನಿಯಾದರೂ ಮೇಲಿನ ಮೆಟ್ಟಿಲಿಗೆ ಹೋಗಬಹುದು. ಇಬ್ಬರಿಗಾದರೆ ಕೆಳಗಿಳಿಯಬೇಕು. ಎರಡನೆಯ ಮೆಟ್ಟಿಲಿನ ಆರನೆಯ ರೋಗಿ ಮಲ್ಕಮ್ಮ.

ಈ ಜೋಡಿ ಕೆಡಿಸುವುದು ನರಗಳನ್ನು. "ಕೈಕಾಲುಗಳ ಸ್ಪರ್ಶಜ್ಞಾನ ಕ್ಷೀಣಿಸಬಹುದು" ಎಂದು ವಿವರಿಸಿದೆ. ಅವರು ಸೊಸೆ ಶೇವಂತಾಳ ಮುಖ ನೋಡಿದರು.

"ಜೋಂ ಹಿಡೀತದಂತ, ಅತ್ತೀ" ಎಂದಳು ಆಕೆ.

"ಹಂಗನ್ರಲ್ಲ ಬಾಯಾರ! ಮಂತ್ರ ಹೇಳ್ದಂಗ ಹೇಳಿದ್ರ ನಮಗೇನ್ ತಿಳೀತದ?" ಎಂದು ಮಲ್ಕಮ್ಮ ನನ್ನತ್ತ ತಿರುಗಿದರು.

"ಹಂಗೇನರೆ ಆದ್ರ ಆವಾಗೇ ಹೇಳ್ಬೇಕು ನೋಡ್ರಿ. ನಾವು ಔಷಧ ನಿಲ್ಲಸ್ತೀವಿ" ಎಂದು ಎರಡು ಮೂರು ಸಲ ಒತ್ತಿ ಹೇಳಿದೆ. ಅವರೂ ಪ್ರತಿ ಸಲ ತಲೆಯಾಡಿಸಿದರು. ಅಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ ನನಗೆ ಸಮಾಧಾನವಾಯಿತು.

ಬೆರಳ ತುದಿಗೆ ಸೂಜಿ ಮುಟ್ಟಿಸಿ ನೋಡಿದೆ. ಟ್ಯೂನಿಂಗ್ ಫೋರ್ಕನ್ನು ಬಡಿದು ಗೆಣ್ಣಿಗೆ ಹಿಡಿದೆ. ಅದರ ನಡುಕ ತಿಳಿದಷ್ಟು ಹೊತ್ತು "ಹೂಂ" ಅನ್ನಬೇಕು. ಅವರಿಗೆ ನಗು ಬಂತು. "ಈ ಚಿಮಟಾ ಹಿಡದು ಕೈ ನೋಡ್ತೀರಿ? ನನ್ ಕೈ ನೋಡಬೇಕಂದ್ರ ರೊಟ್ಟಿ ತಿನ್ರಿ" ಎಂದು ಬಿಳಿ ಬಟ್ಟೆಯ ಗಂಟೊಂದನ್ನು ಮೇಜಿನ ಮೇಲಿಟ್ಟರು. ಖಡಕ್ ರೊಟ್ಟಿಗಳು, ಮೇಲೊಂದು ಚಿಪ್ಪು ಕೆಂಪು ಬಾಳೆ. ರೋಗಿಗಳಿಂದ ಏನೂ ತೆಗೆದುಕೊಳ್ಳಬಾರದು. ಬಾಳೆಹಣ್ಣನ್ನು ವಾರ್ಡಿಗೆ ಕಳಿಸಿದೆ, ರೊಟ್ಟಿಯನ್ನು ಮನೆಗೆ ತಂದೆ. ಹಣ್ಣಿಗೊಂದು ನಿಯಮ, ರೊಟ್ಟಿಗೊಂದು ನಿಯಮ.

೧೬ ಅಕ್ಟೋಬರ್, ಬುಧವಾರ

ದಸರೆಗಾಗಿ ಎರಡನೆಯ ಸುತ್ತು ಎರಡು ದಿನ ತಡವಾಯಿತು. ಮಲ್ಕಮ್ಮ ಬಂದವರೇ ಕೈಗೆ ಬನ್ನಿ ಎಲೆ ಇಟ್ಟು "ಬಂಗಾರದಂಗ ಇರೂಣ್ರೀ ಬಾಯಾರ" ಎಂದರು. ಕೂದಲೆಲ್ಲ ಉದುರಿ ತಲೆಗೆ ಸೆರಗು ಬಿಗಿದಿದ್ದಾರೆ. ಸೂಜಿ, ಫೋರ್ಕು ಎರಡೂ ಸರಿ. ಮತ್ತೆ ರೊಟ್ಟಿ.

ಅಮ್ಮ ಹೋದ ಸಲ ಮುಟ್ಟಿರಲಿಲ್ಲ, ಯಾರ ಮನೆಯದೋ ಎಂದು. ಇವತ್ತು ತಾನೇ ಒಂದು ಮುರಿದುಕೊಂಡಳು.

"ಯಾಕ, ಮಡಿ ಎಲ್ಲಿ ಹೋತು?" ಎಂದೆ.

"ಒಣಾ ರೊಟ್ಟಿಗಿ ಎಂಥಾ ಮೈಲಿಗಿ ವತ್ಸೂ? ಸುಮ್ನಿರು." ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಭಾಳ ಹಗುರ ಕೈ ಅದ. ಅಂಚಿಗಿ ಎಡಗೈಲೆ ಒತ್ತು ಕೊಡ್ತಾಳ ನೋಡು, ಬಳಿ ತೊಡಿಸಿದಂಗ ಕಾಣತದ. ನಮ್ಮವ್ವನ ರೊಟ್ಟಿ ಹಿಂಗೇ ಇರ್ತಿದ್ವು."

ನನಗೆ ಎಲ್ಲ ರೊಟ್ಟಿಯೂ ಒಂದೇ ರೀತಿ ಕಂಡವು.

೭ ನವೆಂಬರ್, ಗುರುವಾರ

ಮೂರನೆಯ ಸುತ್ತು. ಇವತ್ತು ಹೊರಗಿನ ಬೆಂಚಿನ ಮೇಲೆ ಮಲ್ಕಮ್ಮನಿಗೆ ಒಬ್ಬ ಗೆಳತಿ ಸಿಕ್ಕಿದ್ದಾರೆ. ಖುರ್ಷೀದ್ ಬೇಗಂ, ಮೋಮಿನಪುರದವರು. ಮನೆಯಲ್ಲೇ ಮಷಿನ್ ಇಟ್ಟುಕೊಂಡು ಬುರ್ಖಾ, ಕುಪ್ಪಸ ಹೊಲಿಯುತ್ತಾರೆ. ಅವರದೂ ಇದೇ ಜಾತಿಯ ಗಂಟು, ಬೆನ್ನಿನಲ್ಲಿ. ಮುಂದಿನ ಮೆಟ್ಟಿಲು ತೆರೆದರೆ ಅದರ ಮೊದಲನೆಯವರು ಅವರಾಗಬಹುದು ಎಂದು ತಪಾಸಣೆಗೆ ಕರೆದಿದ್ದೆವು.

ಬಾಗಿಲು ತೆರೆದಿತ್ತು, ಮಾತು ಕೇಳಿಸುತ್ತಿತ್ತು.

"ಕೂದಲಾ ಎಲ್ಲಾ ಹೋತೇನ್ ಬೆಹೆನ್?"

"ಹೋತವ್ವಾ. ಎಣ್ಣಿ ಖರ್ಚ ಉಳೀತು."

"ಅರೇ ಅಲ್ಲಾ! ಮತ್ತ ತ್ರಾಸ?"

"ಏನಿಲ್ಲ. ನಿಂಬಿಹಣ್ಣಿನ ಉಪ್ಪಿನಕಾಯಿ ನೆಕ್ಕೋದು, ಮಲಕೊಳ್ಳೋದು. ನನ್ ಸೊಸಿ ಕೈಯಾಗ ಸಿಕ್ಕದ್ದಕ್ಕಿಂತ ಇದೇ ಹಗುರ ಅದ."

"ನೋಡ್ರೀ, ನನ್ನ ಎದುರೇ ಹೆಂಗ ಮಾತಾಡ್ತಾರ" ಎಂದು ಶೇವಂತಾ ನಕ್ಕಳು.

ಒಳಗೆ ಬಂದಾಗ "ಆರಾಮ ಅದೀರ್ಯಾ?" ಎಂದೆ. "ಆರಾಮ ಅದೀನ್ರೀ. ನೀವ್ ಆರಾಮ?" ಸೂಜಿ ಮುಟ್ಟಿಸಿದಾಗ ಪ್ರತಿ ಸಲವೂ "ಹೂಂ" ಎಂದರು, ನನ್ನ ಕೈಯನ್ನೇ ನೋಡುತ್ತ. ಫೋರ್ಕಿನ ವಿಷಯದಲ್ಲಿ ಸ್ವಲ್ಪ ಅನುಮಾನ ಬಂತು. ಸದ್ದು ನಿಂತ ಮೇಲೂ "ಹೂಂ" ಅನ್ನುತ್ತಿದ್ದರು. ಹೊರಗೆ ಗಲಾಟೆಯಿತ್ತು, ಅರ್ಥವಾಗಿರಲಿಕ್ಕಿಲ್ಲ.

ರೊಟ್ಟಿ ಈ ಸಲ ನಡುವೆ ಕರಿದಾಗಿದ್ದವು. ಒಲೆ ಬದಲಾಗಿರಬೇಕು.

೨೮ ನವೆಂಬರ್, ಗುರುವಾರ

ನಾಲ್ಕನೆಯ ಸುತ್ತು ಮುಗಿಯಿತು. ನರಗಳ ಹಾನಿಯನ್ನು ಮೆಟ್ಟಿಲಿನ ಲೆಕ್ಕಕ್ಕೆ ಹಿಡಿಯುವುದು ಇಲ್ಲಿಯವರೆಗೆ. ಮುಂದೆ ಗುಳಿಗೆ ಮಾತ್ರ.

ಇದೇ ಮೆಟ್ಟಿಲಿನಲ್ಲಿ ಮುಂಬಯಿಯ ಒಬ್ಬ ರೋಗಿಗೆ ಅಂಗಿಯ ಗುಂಡಿ ಹಾಕಲಾಗದಷ್ಟು ಕೈ ಜೋಮು ಹಿಡಿದಿದೆಯಂತೆ. ಅದು ಒಂದು. ಉಳಿದವರಲ್ಲಿ ಯಾರಿಗೂ ಇಲ್ಲ. ಇನ್ನುಳಿದದ್ದು ಮಲ್ಕಮ್ಮನ ವರದಿ ಮಾತ್ರ ಎಂದು ಜಯತೀರ್ಥ ಸರ್ ಬೆಳಿಗ್ಗೆಯೇ ನೆನಪಿಸಿದರು. ಅವರು ನಮ್ಮ ವಿಭಾಗದ ಮುಖ್ಯಸ್ಥರು; ಈ ಔಷಧ ಪರೀಕ್ಷೆಯನ್ನು ಕಲಬುರಗಿಗೆ ತರಲು ವರ್ಷಗಟ್ಟಲೆ ಓಡಾಡಿದವರು.

ಹೊರರೋಗಿಗಳ ಸಾಲು ಗೇಟಿನವರೆಗಿತ್ತು. ಫೋರ್ಕು ಯಾರೋ ಒಯ್ದಿದ್ದರು. ಮಲ್ಕಮ್ಮ ರೊಟ್ಟಿಯ ಗಂಟು ಬಿಚ್ಚಿಸಿ ತೋರಿಸಿದರು. ಹೋದ ಸಲದ ಹಾಗಲ್ಲ, ಹಾಳೆಯಂಥ ತೆಳ್ಳನೆಯ ರೊಟ್ಟಿಗಳು. ಕೈ ಕೆಟ್ಟವರು ಹೀಗೆ ಬಡಿಯಲು ಸಾಧ್ಯವೇ? ಮನಸ್ಸು ಹಗುರವಾಯಿತು. ಫೋರ್ಕು ಹುಡುಕಿಸಲಿಲ್ಲ. "ದಿನವೂ ರೊಟ್ಟಿ ಬಡಿಯುತ್ತಾರೆ, ಬೆರಳುಗಳ ಸೂಕ್ಷ್ಮ ಚಟುವಟಿಕೆ ಸಹಜ" ಎಂದು ವರದಿಯಲ್ಲಿ ಬರೆದೆ. ಯಂತ್ರಕ್ಕಿಂತ ಇದು ಬದುಕಿಗೆ ಹತ್ತಿರವಾದ ಅಳತೆ ಎಂದು ಸ್ವಲ್ಪ ಹೆಮ್ಮೆಯೂ ಆಯಿತು.

ಊಟಕ್ಕೆ ಕೂತಾಗ ಅಮ್ಮ ಒಂದು ತುತ್ತು ತಿಂದು ತಟ್ಟೆ ನೋಡಿದಳು. "ಇದು ಬ್ಯಾರೆ ಕೈ ರೊಟ್ಟಿ."

"ಅದೇ ಮಲ್ಕಮ್ಮನವರದು."

"ಅಲ್ಲ. ಒತ್ತಿಲ್ಲ ಇದಕ್ಕ. ಅಂಚು ಬಿಚ್ಚಿದಂಗ ಅದ. ಇದು ಯಾರೋ ಸಣ್ಣಾಕಿ ಬಡದದ್ದು, ಅವಸರದಾಕಿ."

ಅಮ್ಮನ ಎಡಗಣ್ಣಿಗೆ ಪೊರೆ ಬಂದಿದೆ. ಜನವರಿಯಲ್ಲಿ ಆಪರೇಷನ್ ಮಾಡಿಸಿಬಿಡಬೇಕು.

೧೨ ಡಿಸೆಂಬರ್, ಗುರುವಾರ

ಸ್ಕ್ಯಾನ್ ಬಂತು. ಚುಕ್ಕೆಗಳು ಅರ್ಧಕ್ಕೆ ಇಳಿದಿವೆ!

ಹಳೆಯ ಫಿಲ್ಮನ್ನೂ ಹೊಸದನ್ನೂ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನಾನೂ ಜಯತೀರ್ಥ ಸರ್ ಅವರೂ ಒಂದೊಂದೇ ಚುಕ್ಕೆ ಹೋಲಿಸಿ ನೋಡಿದೆವು. ಮೂರೂ ಊರುಗಳಲ್ಲಿ ಗಂಟು ಕರಗಿದ್ದು ಇವರೊಬ್ಬರಿಗೇ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡು ಮತ್ತೆ ತೆಗೆದರು.

ಮಲ್ಕಮ್ಮನಿಗೆ ತೋರಿಸಿದೆ. "ಇವು ಸಣ್ಣ ಆಗ್ಯಾವಂದ್ರ, ಗುಳಿಗಿ ನಡಸ್ತೀರಿ ಹೌದಿಲ್ರೀ?" ಎಂದರು. ಸಂತೋಷಪಡುವ ಮುಂಚೆ ಕೇಳಿದ್ದು ಅದೊಂದೇ. ನಡೆಸುತ್ತೇವೆ ಎಂದೆ. ಕೈಮುಗಿದರು. ಸೆರಗಿನೊಳಗಿಂದಲೇ ಮುಗಿದರು, ಚಳಿಯಿತ್ತು.

ಮೂರನೆಯ ಮೆಟ್ಟಿಲು ತೆರೆಯಲು ಮುಂಬಯಿ ಒಪ್ಪಿದೆ. ಈದ್ ಮುಗಿಸಿಕೊಂಡು ಖುರ್ಷೀದ್ ಬೇಗಂ ಬಂದು ಸಹಿ ಹಾಕಿದರು. ಅವರ ಮೊದಲ ಸುತ್ತು ಜನವರಿ ಆರು, ಸೋಮವಾರ.

೨೪ ಡಿಸೆಂಬರ್, ಮಂಗಳವಾರ

ಗುಳಿಗೆ ಒಯ್ಯಲು ಶೇವಂತಾ ಒಬ್ಬಳೇ ಬಂದಿದ್ದಳು. ಜೊತೆಗೆ ರೊಟ್ಟಿಯ ಗಂಟು. ಏನೋ ಹೇಳಬೇಕಲ್ಲ ಎಂದು "ಈಗ ಮನಿಯಾಗ ರೊಟ್ಟಿ ಯಾರ್ ಬಡೀತೀರಿ?" ಎಂದೆ.

"ಅತ್ತೀನೇ ಬಡೀತಾರ್ರೀ! ಅವರೇ! ದಿನಾ ಅವರೇ!"

ಮೂರು ಸಲ ಹೇಳಿದಳು. ಒಂದು ಸಲ ಹೇಳಿದ್ದರೆ ನಾನು ಮರೆತುಬಿಡುತ್ತಿದ್ದೆ.

ಎಳ್ಳಮಾವಾಸ್ಯೆಗೆ ಅಮ್ಮನನ್ನೂ ಕರೆದುಕೊಂಡು ಹೊಲಕ್ಕೆ ಬರಲೇಬೇಕೆಂದು ಮಲ್ಕಮ್ಮ ಹೇಳಿ ಕಳಿಸಿದ್ದಾರೆ. ರೋಗಿಯ ಮನೆಯ ಊಟಕ್ಕೆ ಹೋಗುವುದು ಸರಿಯೇ? ಬೇಡವೆನ್ನಲು ಬಾಯಿ ತೆರೆದವಳು ಬರುತ್ತೇವೆ ಎಂದೆ. ಆಸೆಯಿಂದಲೋ ಅನುಮಾನದಿಂದಲೋ ಗೊತ್ತಿಲ್ಲ.

೨ ಜನವರಿ ೨೦೦೩, ಗುರುವಾರ

ಬರೆಯಲೇಬೇಕು.

ಕಮಲಾಪುರದಾಚೆ ಕೆಂಪು ಮಣ್ಣಿನ ಹೊಲ. ಒಂದು ಮಗ್ಗುಲಿಗೆ ಬಾಳೆ, ಇನ್ನೊಂದು ಕಡೆ ತೆನೆ ಹಿಡಿದ ಬಿಳಿಜೋಳ. ಮಲ್ಕಮ್ಮನ ಗಂಡ ಕಾಶಿರಾಯ ಬೆಳೆಯ ನಡುವೆ ಹೋಗಿ ಭೂಮಿತಾಯಿಯ ಪಾಲಿನ ಚರಗ ಚೆಲ್ಲಿ ಬಂದರು. ಬೇವಿನ ಮರದಡಿ ಕಂಬಳಿ ಹಾಸಿ ಸಜ್ಜೆ ರೊಟ್ಟಿ, ಕಾಳು ಸೊಪ್ಪಿನ ಭಜ್ಜಿ, ಶೇಂಗಾ ಹೋಳಿಗೆ ಬಡಿಸಿದರು. ಅಮ್ಮ ಮಡಿ ಎಲ್ಲ ಮರೆತು ಎರಡು ಸಲ ಭಜ್ಜಿ ಹಾಕಿಸಿಕೊಂಡಳು. ಬಡಿಸಿದವಳು ಶೇವಂತಾ. ಮಲ್ಕಮ್ಮ ಕೂತಲ್ಲಿಂದ ಎಲ್ಲರಿಗೂ ಹುಕುಂ ಮಾಡುತ್ತಿದ್ದರು, ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು. ಅವರು ಉಂಡದ್ದನ್ನು ನಾನು ನೋಡಲಿಲ್ಲ. "ನೀವ್ ಉಣ್ರೀ, ನಂದು ಆಮ್ಯಾಲ" ಎನ್ನುತ್ತಿದ್ದರು.

ಊಟವಾದ ಮೇಲೆ ಮೂರು ಕಲ್ಲಿನ ಒಲೆಯ ಮೇಲೆ ಚಹಾ ಕುದಿಯಿತು. ಶೇವಂತಾ ಬಾವಿಯ ಕಡೆ ಹೋಗಿದ್ದಳು. ಚಹಾ ಉಕ್ಕಿತು. "ಬಾಯಾರಿಗಿ ಚಾ ಯಾರ್ ಕೊಡ್ತೀರೋ" ಎನ್ನುತ್ತ ಮಲ್ಕಮ್ಮ ಎದ್ದು, ಪಾತ್ರೆಯ ಅಂಚನ್ನು ಎರಡೂ ಕೈಯಿಂದ ಹಿಡಿದು ಎತ್ತಿದರು. ಬಟ್ಟೆಯಿಲ್ಲ, ಏನಿಲ್ಲ. ಎತ್ತಿಕೊಂಡು ನಮ್ಮತ್ತ ನಡೆದು ಬಂದರು, ನಗುತ್ತ, ನಿಧಾನವಾಗಿ.

"ಅತ್ತೀ!" ಎಂದು ದೂರದಿಂದ ಶೇವಂತಾ ಕಿರುಚಿದಳು.

ಆಗಲೂ ಅವರು ಪಾತ್ರೆಯನ್ನು ಕೆಳಗೆ ಹಾಕಲಿಲ್ಲ. ಏನಾಯಿತೆಂದು ಸುತ್ತ ನೋಡಿದರು. ನಾನು ಎದ್ದು ನನ್ನ ಸೆರಗಿನಿಂದ ಕಸಿದುಕೊಂಡೆ. ಬೆರಳುಗಳನ್ನು ಬಿಡಿಸಿ ನೋಡಿದೆ. ಇವತ್ತಿನ ಕೆಂಪಿನ ಕೆಳಗೆ ಹಳೆಯ ಸುಟ್ಟ ಗಾಯಗಳಿದ್ದವು. ಒಣಗಿದವು, ಅರೆ ಒಣಗಿದವು. ಉಗುರಿನ ಬುಡದಲ್ಲಿ ಕೀವು.

ಅಮ್ಮ ಕಾಶಿರಾಯನ ಜೊತೆ ಬಾಳೆಯ ಮಾತು ತೆಗೆದಳು, ಬೇಕೆಂದೇ. ನಾನೂ ಮಲ್ಕಮ್ಮನೂ ಮರದ ಆಚೆ ಮಗ್ಗುಲಿಗೆ ಹೋಗಿ ಕೂತೆವು. ಗಾಯಕ್ಕೆ ನೀರು ಸುರಿಯುತ್ತ ಕೇಳಿದೆ.

"ಯಾವಾಗಿಂದ?"

"ದೀಪಾವಳಿ ಹಿಂದ ಮುಂದ."

"ಯಾಕ ಹೇಳಲಿಲ್ರೀ?"

"ಹೇಳಿದ್ರ ಬಂದ್ ಮಾಡ್ತೀರಿ. ಹೌದಿಲ್ಲೋ?"

"ಹೌದು."

"ಮತ್ತ? ಮದಲನೇ ದಿನಾನೇ ಹೇಳೀರಲ್ಲ, ಒಂದಲ್ಲ ಮೂರ್ ಸಲ. ಅವತ್ತೇ ನಾ ಗಂಟ್ ಹಾಕೊಂಡೆ, ಏನರೆ ಆಗ್ಲಿ ಇದೊಂದ್ ಬಾಯಿ ಬಿಡಬಾರ್ದು ಅಂತ." ನಕ್ಕರು. "ಬೆರಳ ಹೋದ್ರ ಹೋಗ್ಲಿ ಬಾಯಾರ. ಉಸಿರ ಅದಲ್ಲ. ಹ್ವಾದ ವರ್ಷ ಈ ಹೊಲಕ್ಕ ನನ್ನ ಹೊತಗೊಂಡ್ ಬಂದಿದ್ರು. ಈಗ ನಡಕೋತ ಬಂದೀನಿ."

ನಾನು ರೊಟ್ಟಿಯ ವಿಷಯ ಎತ್ತಿದೆ.

"ಅದು ಶೇವಂತಾಂದು. ನೀವು ಕೈ ನೋಡೂಕಿಂತ ರೊಟ್ಟಿ ನೋಡಿದ್ರ ಖುಷ್ ಆಗ್ತಿದ್ರಿ. ಅದಕ ತಂದು ತಂದು ಕೊಟ್ಟೆ."

"ನೀವು ಆರಾಮ ಅಂದದ್ದರ ಮ್ಯಾಲ ಮುಂದಿನವರಿಗಿ ಇನ್ನೂ ಜಾಸ್ತಿ ಕೊಡ್ತೀವ್ರೀ" ಎಂದೆ. ಯಾರಿಗೆ ಎಂದು ಹೇಳುವಂತಿಲ್ಲ, ಹೇಳಲಿಲ್ಲ.

ಮಲ್ಕಮ್ಮ ಜೋಳದ ಕಡೆ ನೋಡಿದರು. "ಖುರ್ಷೀದಾ ಸೋಮವಾರ ಅಂತ ಅಂದಿದ್ಳು" ಎಂದರು. ತಮ್ಮ ಬೆರಳು ನೋಡಿಕೊಂಡು, "ಆಕಿ ಹೊಲಿಗಿ ಮ್ಯಾಲೇ ಉಣ್ಣಾಕಿ."

ಎದ್ದು ಹೋಗುವಾಗ, "ಹಬ್ಬದ ದಿನ ಇದೆಲ್ಲ ಬ್ಯಾಡ್ರೀ. ಚಾ ಆರಿ ಹೋತು" ಎಂದರು.

೩ ಜನವರಿ, ಶುಕ್ರವಾರ

ಜಯತೀರ್ಥ ಸರ್ ಬಾಗಿಲು ಹಾಕಿಕೊಂಡು ಎಲ್ಲ ಕೇಳಿದರು.

"ಪರೀಕ್ಷಾ ಮಾಡಿದ್ರೇನು, ಹೊಲದಾಗ?"

"ಇಲ್ಲ."

"ಮತ್ತ ನಮ್ಮ ಹತ್ರ ಏನದ? ಒಬ್ಬ ಹೆಣ್ಣುಮಗಳು ಚಾ ಇಳಸೂವಾಗ ಕೈ ಸುಟ್ಟಕೊಂಡ್ಳು. ಕಲಬುರಗಿ ಜಿಲ್ಲಾದಾಗ ದಿನಾ ಸಾವಿರ ಮಂದಿ ಸುಟ್ಕೋತಾರ." ಅವರ ದನಿಯಲ್ಲಿ ಕುಹಕವಿರಲಿಲ್ಲ, ದಣಿವಿತ್ತು. "ವತ್ಸಲಾಬಾಯಿ, ವಿಚಾರ ಮಾಡ್ರಿ. ಇದು ಎರಡನೇದು ಅಂತ ಆದ್ರ ಮೂರನೇ ಮೆಟ್ಟಿಲು ಮುಚ್ಚತದ. ಆಕಿ ಗುಳಿಗಿ ನಿಲ್ತದ, ಆಕಿ ಒಬ್ಬಾಕಿಗೇ ಕರಗ್ಯದ. ಮತ್ತ ನಿಮ್ಮ ವರದಿ ಸುಳ್ಳಾಗತದ. ನಮ್ಮ ಕೇಂದ್ರಾನೇ ತಗದು ಹಾಕಿದ್ರ? ಮುಂದ ಇಂಥಾ ಗಂಟಿನವರು ಎಲ್ಲಿಗಿ ಹೋಗಬೇಕು?"

"ಸೋಮವಾರ ಖುರ್ಷೀದ್ ಬೇಗಂ ಬರ್ತಾರ ಸರ್."

"ಆಕಿಗಿ ಆಗೇ ಆಗ್ತದಂತ ನಿಮಗೇನ್ ಗೊತ್ತು?"

ಗೊತ್ತಿಲ್ಲ. ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅದೇ ಕಷ್ಟ.

ಸುಮ್ಮನಿದ್ದರೆ ಮಲ್ಕಮ್ಮನಿಗೆ ಗುಳಿಗೆ ಸಿಗುತ್ತದೆ, ಉಸಿರು ಸಿಗುತ್ತದೆ. ಸುಮ್ಮನಿದ್ದರೆ ನನ್ನ ವರದಿಯೂ ಉಳಿಯುತ್ತದೆ. ಇವೆರಡರಲ್ಲಿ ಯಾವುದಕ್ಕಾಗಿ ಸುಮ್ಮನಿರಲು ಬಯಸುತ್ತಿದ್ದೇನೆ ಎಂದು ಬೇರೆ ಮಾಡಿ ನೋಡಲು ಕೂತೆ. ಆಗಲಿಲ್ಲ.

೪ ಜನವರಿ, ಶನಿವಾರ

ಮಧ್ಯಾಹ್ನ ಮೋಮಿನಪುರದ ದಾರಿಯಲ್ಲಿ ಹಾದು ಬಂದೆ. ಅದು ನನ್ನ ದಾರಿಯಲ್ಲ. ಖುರ್ಷೀದ್ ಬೇಗಂ ಮನೆ ಯಾವುದೆಂದು ತಿಳಿಯದು. ಓಣಿಯ ಎಷ್ಟೋ ಬಾಗಿಲುಗಳ ಹಿಂದೆ ಮಷಿನ್ನಿನ ಸದ್ದಿತ್ತು. ಒಂದು ಹೊಸ್ತಿಲಲ್ಲಿ ಯಾರೋ ಹೆಂಗಸು ಬೆಳಕಿಗೆ ಎತ್ತಿ ಹಿಡಿದು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಆಸ್ಪತ್ರೆಗೆ ಮರಳಿ ಬಂದು ಮುಂಬಯಿಗೆ ಫ್ಯಾಕ್ಸ್ ಬರೆದೆ. ಬೆರಳುಗಳ ಸ್ಥಿತಿ. ದೀಪಾವಳಿಯ ಸುಮಾರಿಗೆ ಶುರುವಾದದ್ದು. ನವೆಂಬರ್ ಇಪ್ಪತ್ತೆಂಟರಂದು ನಾನು ಪರೀಕ್ಷೆ ಮಾಡದೆ ಸಹಜವೆಂದು ಬರೆದದ್ದು. ರೊಟ್ಟಿಯನ್ನು ಇಂಗ್ಲಿಷಿನಲ್ಲಿ ಹೇಗೆ ವಿವರಿಸುವುದೆಂದು ಬಹಳ ಹೊತ್ತು ಕೂತು, ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮಲ್ಕಮ್ಮನವರಿಗೆ ಜೋಮು ಇಳಿದ ಮೇಲೆ ಕೆಳಗಿನ ಪ್ರಮಾಣದಲ್ಲಾದರೂ ಗುಳಿಗೆ ಮುಂದುವರಿಸಲು ಅನುಮತಿ ಬೇಕೆಂದು ಕೇಳಿದ್ದೇನೆ.

ಸರ್ ಅದನ್ನು ಓದಿ ವಾಪಸು ಕೊಟ್ಟರು. "ನನ್ನ ಹೆಸರೂ ಹಾಕ್ರಿ ಕೆಳಗ" ಎಂದರು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಹೆಸರು ಸೇರಿಸಿ ಕಳಿಸಿದೆ.

ಗುಳಿಗೆ ನಿಲ್ಲಿಸಲು ಮಲ್ಕಮ್ಮನಿಗೆ ಹೇಳಬೇಕು. ಅವರ ಪಕ್ಕದ ಅಂಗಡಿಯಲ್ಲಿ ಫೋನಿದೆ. ನಂಬರು ಮೇಜಿನ ಮೇಲಿತ್ತು. ಮಾಡಲಿಲ್ಲ. ಇಂಥದ್ದನ್ನು ಅಂಗಡಿಯವನ ಮೂಲಕ ಹೇಳಿಸಬಾರದು, ನಾನೇ ಹೋಗುತ್ತೇನೆ ಎಂದುಕೊಂಡೆ. ಅದು ನೆಪವೂ ಇರಬಹುದು.

೬ ಜನವರಿ, ಸೋಮವಾರ

ನಿನ್ನೆ ಕಮಲಾಪುರಕ್ಕೆ ಹೋಗಲಿಲ್ಲ. ಕಾರು ಹೊರಗೆ ತೆಗೆದು ಮತ್ತೆ ಒಳಗಿಟ್ಟೆ.

ಇವತ್ತು ಬೆಳಿಗ್ಗೆ ಖುರ್ಷೀದ್ ಬೇಗಂ ಹೊಸ ದುಪಟ್ಟಾ ಹೊದ್ದು ಬಂದಿದ್ದರು. ಇವತ್ತು ಔಷಧ ಇಲ್ಲ ಎಂದೆ. ಅವರ ಮುಖ ಕೆಂಪಾಯಿತು.

"ಇವತ್ತಿಲ್ಲ ಅಂದ್ರ? ಮನೀಗಿ ಎಲ್ಲಾ ಬಂದೋಬಸ್ತ್ ಮಾಡಿ ಬಂದೀನಿ ಮೇಡಂ. ಗಂಟು ಕುಂದರ್ತದೇನು, ನೀವು ಬಾ ಅನ್ನೋ ತನಕಾ?"

ಅಷ್ಟರಲ್ಲಿ ಬಾಗಿಲಲ್ಲಿ ಮಲ್ಕಮ್ಮ ಕಾಣಿಸಿದರು. ಒಬ್ಬರೇ. ಕಾಲು ಎತ್ತೆತ್ತಿ ಇಡುತ್ತಿದ್ದರು, ನೆಲ ಎಲ್ಲಿದೆಯೆಂದು ತಿಳಿಯದವರ ಹಾಗೆ. ಹೀಗೆ ಎಷ್ಟು ದಿನದಿಂದ ನಡೆಯುತ್ತಿದ್ದಾರೆ? ಪ್ರತಿ ಸಲ ಶೇವಂತಾ ತೋಳು ಹಿಡಿದು ಕರೆತರುತ್ತಿದ್ದಳು. ಪ್ರೀತಿಯೆಂದುಕೊಂಡಿದ್ದೆ.

ನನ್ನತ್ತ ನೋಡಲೂ ಇಲ್ಲ. ನೇರ ಗೆಳತಿಯ ಬಳಿ ಹೋದರು. "ಖುರ್ಷೀದಾ, ಇವತ್ತ ಹಾಕಿಸ್ಕೋಬ್ಯಾಡವ್ವಾ."

"ಕ್ಯೂಂ? ನೀನು ಹಾಕಿಸ್ಕೊಂಡೆಲ್ಲಾ? ಆರಾಮ ಅದೀನಿ ಅಂದಿ!"

ಮಲ್ಕಮ್ಮ ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟು ಹಲ್ಲಿನಿಂದ ಬಿಚ್ಚಿದರು. ರೊಟ್ಟಿಗಳು. ದಪ್ಪನೆಯವು, ಸೊಟ್ಟವು, ನಡುವೆ ಹರಿದವು, ಒಂದು ಮಗ್ಗುಲು ಇದ್ದಿಲಾದವು.

ಖುರ್ಷೀದ್ ಬೇಗಂ ಒಂದನ್ನು ಎತ್ತಿ ನೋಡಿದರು. "ಇದೇನು ರೊಟ್ಟಿನೋ ಹೆಂಚಿನ ತುಂಡೋ?"

"ನನ್ನ ಕೈದು" ಎಂದರು ಮಲ್ಕಮ್ಮ. "ನಸಿಕಿನಾಗ ಎದ್ದು ಬಡದೀನಿ. ಈಚೀಗಿ ತಂದದ್ದೆಲ್ಲಾ ಸೊಸೀದು." ಎರಡೂ ಅಂಗೈ ಗೆಳತಿಯ ಮುಂದೆ ಚಾಚಿದರು. "ನನಗ ಉಸಿರ ಬೇಕಿತ್ತವ್ವಾ, ಸುಳ್ಳ ಹೇಳ್ದೆ. ನಿನ್ನ ಮಷಿನ್ನ ನೆಪ್ಪಾತು."

ಖುರ್ಷೀದ್ ಬೇಗಂ ಆ ಬೆರಳುಗಳನ್ನು ಹಿಡಿದುಕೊಂಡರು. ಸಿಟ್ಟೋ ಅಳುವೋ, "ಸುಳ್ಳ ಬುರ್ಕಿ" ಎಂದರು. ಬಿಡಲಿಲ್ಲ.

ಶನಿವಾರವೇ ಬರೆದು ಕಳಿಸಿದ್ದೇನೆ ಎಂದು ನಾನು ಹೇಳಿದೆ. ಮಲ್ಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮತ್ತ ಹೇಳಬೇಕಿಲ್ರೀ? ಬಸ್ಸಿನಾಗ ನಿಂತಕೊಂಡ್ ಬಂದೀನಿ!"

ಫೋರ್ಕು ತರಿಸಿದೆ. ಕಣ್ಣು ಮುಚ್ಚಿಕೊಳ್ಳಲು ಹೇಳಿದೆ. ಮೊದಲ ದಿನದಿಂದಲೂ ಹೇಳಬೇಕಿತ್ತು. ಬೆರಳ ತುದಿಗೆ ಹಿಡಿದೆ. "ಇಲ್ರೀ." ಗೆಣ್ಣಿಗೆ. "ಇಲ್ಲ." ಮಣಿಕಟ್ಟಿಗೆ. "ಇಲ್ಲ… ತಡೀರಿ. ಇಲ್ಲಿ ಸಣ್ಣಗ ಅದ. ಜೇನ ಗುಂಯ್ ಅಂದಂಗ." ಕಾಲಲ್ಲಿ ಮೊಣಕಾಲಿನವರೆಗೆ ಏನೂ ಇಲ್ಲ. ಒಂದೊಂದನ್ನೂ ಬರೆದುಕೊಂಡೆ.

"ಗುಳಿಗಿ ಇವತ್ತಿಂದ ಬಂದ್ ಮಾಡ್ಬೇಕ್ರೀ" ಎಂದೆ.

"ಗಂಟ್ ಮತ್ತ ಬರ್ತದೇನು?"

"ಬರಬಹುದು. ಕಡಿಮಿ ಮಾಡಿ ಕೊಡ್ತೀವಂತ ಕೇಳೀನಿ. ಅವರು ಹೂಂ ಅಂತಾರೋ ಇಲ್ಲೋ ಗೊತ್ತಿಲ್ಲ. ಅಂದ್ರೂ ಮದ್ದು ಮದಲಿನಂಗ ಹಿಡೀತದೋ ಇಲ್ಲೋ, ಅದೂ ಗೊತ್ತಿಲ್ಲ."

ನನ್ನ ಮುಖ ನೋಡಿ, "ಇವತ್ತ ಮಂತ್ರ ಹೇಳ್ಳಿಲ್ಲ ನೀವು" ಎಂದರು.

ಸೊಂಟದ ಎಲೆ ಅಡಿಕೆಯ ಸಂಚಿ ಬಿಚ್ಚಿ, ಉಳಿದ ಗುಳಿಗೆಗಳನ್ನು ಮೇಜಿನ ಮೇಲೆ ಸುರಿದರು. ಒಂದು ಕೆಳಗೆ ಬಿತ್ತು. ಬಗ್ಗಿ ಎತ್ತಲು ಹೋದರು, ಬೆರಳಿಗೆ ಹತ್ತಲಿಲ್ಲ. ಮತ್ತೆ ಪ್ರಯತ್ನಿಸಿದರು. ಖುರ್ಷೀದ್ ಬೇಗಂ ಕೆಳಗೆ ಕೂತು ಅದನ್ನು ಎತ್ತಿ, ಮಲ್ಕಮ್ಮನ ಅಂಗೈಯಲ್ಲಿಟ್ಟು, ಮುಷ್ಟಿ ಮುಚ್ಚಿ, ಆ ಮುಷ್ಟಿಯನ್ನೇ ಹಿಡಿದು ನನ್ನತ್ತ ಚಾಚಿದರು. ಇಬ್ಬರ ಕೈಯಿಂದ ನಾನದನ್ನು ತೆಗೆದುಕೊಂಡೆ.

ಮುಂಬಯಿಯಿಂದ ಸಂಜೆಯವರೆಗೂ ಉತ್ತರ ಬರಲಿಲ್ಲ. ಖುರ್ಷೀದ್ ಬೇಗಂಗೆ ಮೊದಲ ಮೆಟ್ಟಿಲಿನ ಪ್ರಮಾಣ ಕೊಡಬಹುದೇ ಎಂದೂ ಕೇಳಿದ್ದೇವೆ. ನನ್ನ ವಿಷಯ ಏನಾಗುತ್ತದೋ.

ರೊಟ್ಟಿ ಮನೆಗೆ ತಂದೆ. ಅಮ್ಮನಿಗೆ ಏನೂ ಹೇಳದೆ ತಟ್ಟೆಯಲ್ಲಿಟ್ಟೆ. ಅವಳು ಕರಿದಾದದ್ದನ್ನು ಉಗುರಿನಿಂದ ಕೆರೆದಳು, ಬೆಳಕಿಗೆ ಹಿಡಿದಳು, ಅಂಚಿನ ಸುತ್ತ ಹೆಬ್ಬೆರಳು ಓಡಿಸಿದಳು.

"ಆಕೀದೇ" ಎಂದಳು. "ಎಲ್ಲಾ ಕೆಟ್ಟದ. ಎಡಗೈ ಒತ್ತು ಮಾತ್ರ ಅಲ್ಲೇ ಅದ, ನೋಡು."

ಅವಳ ಹೆಬ್ಬೆರಳಿದ್ದ ಕಡೆ ನನ್ನದನ್ನು ಇಟ್ಟು ನೋಡಿದೆ. ಇತ್ತು.